ಹುಲ್ಲುಗಾವಲಿನ ಕಂಬಗಳು

ಲೋಟ ತೊಳೆಯುವ ತೊಟ್ಟಿಯಲ್ಲೇ ಮೇಸ್ತ್ರಿ ಡೆರೆಕ್ ಕೆಸರು ಬೂಟು ಉಜ್ಜುತ್ತಿದ್ದುದನ್ನು ಕಂಡು ಮಿಝೆಲಿ ಕುಡಿಯುತ್ತಿದ್ದ ಚಹಾವನ್ನು ಚೆಲ್ಲಿಬಿಟ್ಟಳು. ಅದೇ ಲೋಟಗಳಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದರು.

ಮಿಝೆಲಿ ಜಿಪ್ಸಿ ಹುಡುಗಿ. ಊರಾಚೆ, ಹೆದ್ದಾರಿಗೂ ಕೊಳಚೆ ನೀರಿನ ಘಟಕಕ್ಕೂ ನಡುವೆ ಅವರ ಗಾಡಿಮನೆಗಳು. ಅಲ್ಲಿ ಕೈ ತೊಳೆಯುವ ಬೋಗುಣಿ ಬೇರೆ, ಪಾತ್ರೆಯದು ಬೇರೆ; ತಪ್ಪಿ ಅದಲುಬದಲಾದರೆ ಅಜ್ಜಿ ಬೋಗುಣಿಯನ್ನೇ ಎಸೆಯುತ್ತಿದ್ದಳು. ಹಾಗಾಗಿ ಮರುದಿನ ಮಿಝೆಲಿ ಮನೆಯಿಂದಲೇ ಲೋಟ ತಂದಳು.

"ಏನಮ್ಮಾ ಮಹಾರಾಣಿ, ನಮ್ಮ ಲೋಟ ಗಲೀಜಾ? ಜಿಪ್ಸಿಗಳು ನಮಗೆ ಶುಚಿ ಕಲಿಸ್ತಾರಂತೆ, ಕೇಳ್ರೋ!" ಎಂದ ಡೆರೆಕ್. ಎಲ್ಲರೂ ನಕ್ಕರು.

ಅಲೆಮಾರಿ ಮಕ್ಕಳಿಗೂ ಕಸುಬು ಕಲಿಸಬೇಕೆಂಬ ಕಾಲೇಜಿನ ಯೋಜನೆಯಲ್ಲಿ ಡೆರೆಕ್‌ನ ಮರಗೆಲಸದ ಕಂಪನಿ ಅವಳನ್ನು ಬಡಗಿ ಅಪ್ರೆಂಟಿಸ್ ಆಗಿ ಸೇರಿಸಿಕೊಂಡಿತ್ತು. ಚಳಿಗಾಲವಿಡೀ ಅವಳು ಕಲಿತದ್ದು ಕಸ ಗುಡಿಸುವುದನ್ನು. ಹಲ್ಲು ಕಚ್ಚಿ ಸಹಿಸಿದಳು. ಬಡಗಿಯಾಗುವುದು ಅವಳ ಹಟ.

ಮೇ ತಿಂಗಳಲ್ಲಿ ಕೊನೆಗೂ ಡೆರೆಕ್ ಕರೆದ. "ಇವತ್ತು ನಿಜವಾದ ಕೆಲಸ. ವ್ಯಾನ್ ಹತ್ತು."

ವ್ಯಾನ್ ನಿಂತದ್ದು ನದಿಯಂಚಿನ ಹುಲ್ಲುಗಾವಲಿನಲ್ಲಿ. ಜೂನಿನ ಕುದುರೆ ಸಂತೆಗೆ ಹೋಗುವ ಜಿಪ್ಸಿಗಳ ಬಂಡಿಗಳೆಲ್ಲ ತಂಗುವ ಜಾಗ. ಅವಳ ಅಮ್ಮ ಹುಟ್ಟಿದ್ದೂ ಅಲ್ಲೇ.

"ಸುತ್ತ ಓಕ್ ಕಂಬ ಹೂಳಬೇಕು, ಒಂದು ಬಂಡಿಯೂ ಒಳಗೆ ನುಗ್ಗಬಾರದು," ಎಂದ ಡೆರೆಕ್. ಆಮೇಲೆ ಕಣ್ಣು ಮಿಟುಕಿಸಿದ. "ನಿಮ್ಮೋರು ಯಾವ ಸಂದಿಯಿಂದ ನುಸುಳ್ತಾರೆ ಅಂತ ನಿಂಗೇ ಗೊತ್ತಲ್ವಾ? ತೋರಿಸು. ಅದಕ್ಕೇ ನಿನ್ನ ಕರ್ಕೊಂಡು ಬಂದಿದ್ದು."

ಅವಳು ಬೇಲಿಯ ಪಕ್ಕ ಬಗ್ಗಿ ವಾಂತಿ ಮಾಡಿದಳು. ಬಾಯಿ ಒರೆಸಿಕೊಂಡು ತನ್ನ ಉಳಿಗಳನ್ನು ಚೀಲಕ್ಕೆ ತುಂಬಿಕೊಂಡಳು.

"ಎಲ್ಲಿಗೆ?"

"ಮನೆಗೆ. ನಿಮ್ಮ ಪಕ್ಕ ನಿಲ್ಲೋಕೆ ಅಸಹ್ಯ ಆಗ್ತಿದೆ."

ಆ ಯೋಜನೆ ನೋಡಿಕೊಳ್ಳುತ್ತಿದ್ದ ಕಾಲೇಜಿನ ಮೇಡಂಗೆ ಎಲ್ಲ ಹೇಳಿದಳು. "ಸ್ವಲ್ಪ ಸಹಿಸ್ಕೋಬಹುದಿತ್ತು ಕಣಮ್ಮ. ಈಗ ನೋಡು, ನಿಮ್ಮೋರು ಯಾವುದನ್ನೂ ಪೂರ್ತಿ ಮಾಡಲ್ಲ ಅಂತಾರೆ," ಎಂದರು ಮೇಡಂ, ಮೆಲುದನಿಯಲ್ಲಿ. ಆ ಮೆಲುದನಿ ಡೆರೆಕ್‌ನ ನಗುವಿಗಿಂತ ಹೆಚ್ಚು ವಾಕರಿಕೆ ತರಿಸಿತು.

ಅಜ್ಜಿ ಮಾತ್ರ ಬಿಸಿ ನೀರು ಕಾಯಿಸಿಟ್ಟಿದ್ದಳು. "ಮೊದ್ಲು ಮೈ ತೊಳ್ಕೋ ಮಗಾ. ಆ ಗೋರ್ಜಾಗಳ, ನಮ್ಮೋರಲ್ಲದೋರ ಕೊಳೆ ಮನೆಯೊಳಗೆ ತರಬೇಡ."

ಮುಂದಿನ ವಾರಗಳಲ್ಲಿ ಮಿಝೆಲಿ ಕೆಲಸ ಕೇಳಿಕೊಂಡು ಬಾಗಿಲಿಂದ ಬಾಗಿಲಿಗೆ ಅಲೆದಳು. ಅವಳ ವಿಳಾಸ ತಿಳಿದ ಕೂಡಲೇ ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತಿತ್ತು. ಕೊನೆಗೆ ದೋಣಿ ರಿಪೇರಿ ಮಾಡುವ ವಿನಿಫ್ರೆಡ್ ಎಂಬಾಕೆ ವಿಳಾಸ ಕೇಳಲಿಲ್ಲ. ಉಳಿ ಮಸೆದು ತೋರಿಸು ಎಂದಳು, ನೋಡಿದಳು, ಸೇರಿಸಿಕೊಂಡಳು.

ಶರತ್ಕಾಲದಲ್ಲಿ, ದೋಣಿಯ ಹಲಗೆ ಉಜ್ಜುತ್ತಿದ್ದಾಗ ಡೆರೆಕ್ ಫೋನ್ ಮಾಡಿದ. ದನಿಯಲ್ಲಿ ಜೇನು.

"ಎಲ್ಲರನ್ನೂ ಒಳಗೊಳ್ಳೋ ಕಂಪನಿ ಅಂತ ನಮಗೆ ಪ್ರಶಸ್ತಿ ಬಂದಿದೆ ಕಣೇ! ವೇದಿಕೆ ಮೇಲೆ ಸುಮ್ನೆ ನಿಂತ್ಕೊಂಡ್ರೆ ಸಾಕು. ನಿಮ್ಮೋರ ದೊಡ್ಡ ಓಲೆ ಹಾಕ್ಕೊಂಡು ಬಾ, ಚೆನ್ನಾಗಿರುತ್ತೆ."

"ಬರ್ತೀನಿ. ಕಂಬದ ಕಥೆ ಮೈಕ್‌ನಲ್ಲಿ ಹೇಳ್ಲಾ?"

ಅವನು ಕರೆ ಕತ್ತರಿಸಿದ. ಮಿಝೆಲಿ ಫೋನ್ ಇಟ್ಟು, ಹೊರಗೆ ಹೋಗಿ ನದಿಗೆ ಉಗುಳಿ ಬಂದಳು.