ಪತ್ತೇದಾರಿ ಅಜ್ಜಿಯ ಕೊನೆಯ ಅಧ್ಯಾಯ

ನನ್ನ ಕಾದಂಬರಿಗಳ ಪತ್ತೇದಾರಿ ಅಜ್ಜಿಯನ್ನು ಎಂದೂ ಸಾಯಿಸುವುದಿಲ್ಲ ಅಂತ ಮಗಳಿಗೆ ಮಾತು ಕೊಟ್ಟಿದ್ದೆ. ಆಗ ಅವಳಿಗೆ ಆರು ವರ್ಷ. ನನ್ನಮ್ಮ ತೀರಿಕೊಂಡ ವಾರ ಅದು. "ಪುಸ್ತಕದ ಅಜ್ಜಿನಾದ್ರೂ ಇರ್ತಾಳಲ್ವಾ?" ಅಂತ ಕೇಳಿದ್ದಳು.

ಈಗ ಸರಣಿಯ ಕೊನೆಯ ಪುಸ್ತಕಕ್ಕೆ ಬಂದಿದ್ದೆ. ಪ್ರಕಾಶಕರು ಫೋನಿನಲ್ಲೇ ಪಟ್ಟು ಹಿಡಿದರು.

"ಅಜ್ಜೀನ ಸಾಯಿಸಿ ಮೇಡಂ. ಈಗ ಅಳಿಸೋ ಪುಸ್ತಕಾನೇ ಓಡೋದು. ಜನ ಓದಿ ಅತ್ತು, ಅದನ್ನ ವಿಡಿಯೋ ಮಾಡಿ ಹಾಕ್ತಾರೆ. ಅಜ್ಜಿ ಬದುಕಿದ್ರೆ ನಾನು ಅಚ್ಚು ಹಾಕಲ್ಲ."

"ಅವಳು ಕಳ್ಳರನ್ನ ಹಿಡಿಯೋಳು ಸಾರ್, ಜನರನ್ನ ಅಳಿಸೋಕೆ ಈರುಳ್ಳಿ ಅಲ್ಲ," ಅಂದೆ.

ಊಟಕ್ಕೆ ಕೂತಾಗ ಮಗಳಿಗೆ ವಿಷಯ ಹೇಳಿದೆ. ಹದಿನಾರರ ಹುಡುಗಿ ಮೊಬೈಲಿನಿಂದ ತಲೆಯನ್ನೂ ಎತ್ತಲಿಲ್ಲ.

"ಸಾಯಿಸಮ್ಮಾ. ನನ್ನ ಫ್ರೆಂಡ್ಸೆಲ್ಲ ಅಂಥದ್ದೇ ಓದೋದು. ಆ ಮಾತು ನಂಗೆ ನೆನಪೂ ಇಲ್ಲ."

"ನಿಂಗ್ಯಾರೇ ಮಾತು ಕೊಟ್ರು? ನಾನು ಕೊಟ್ಟಿದ್ದು ಆರು ವರ್ಷದವಳಿಗೆ. ಬೇಡ ಅನ್ನೋದಿದ್ರೆ ಅವಳೇ ಬಂದು ಹೇಳ್ಲಿ."

"ಹಟಮಾರಿ," ಅಂದಳು. ಆದರೆ ಮೊಬೈಲ್ ಕೆಳಗಿಟ್ಟಳು. "ಹಾಗಾದ್ರೆ ಕೊನೇಲಿ ಏನ್ಮಾಡ್ತಾಳೆ?"

"ಹೊಸ ಕೇಸು ಹಿಡೀತಾಳೆ."

ಆ ವಾರವಿಡೀ ಪಾತ್ರೆ ತೊಳೆದು, ಬಟ್ಟೆ ಇಸ್ತ್ರಿ ಮಾಡಿದ ಮೇಲೆ ಕೂತು ಕೊನೆಯ ಅಧ್ಯಾಯ ಬರೆದೆ. ಕಣ್ಣು ಎಳೆಯುತ್ತಿದ್ದರೂ ಬಿಡಲಿಲ್ಲ. ಪ್ರಕಾಶಕರು ಹೇಳಿದಂತೆಯೇ ಹಸ್ತಪ್ರತಿಯನ್ನು ವಾಪಸ್ ಕಳಿಸಿದರು. ಇನ್ನೊಬ್ಬರಿಗೆ ಕೊಟ್ಟೆ, ಅವರೂ ಒಲ್ಲೆ ಅಂದರು. ಮೂರನೆಯವರದು ಚಿಕ್ಕ ಪ್ರಕಾಶನ. ಹೆಚ್ಚು ಪ್ರತಿ ಹಾಕಲಾರೆವು ಅಂತ ಮೊದಲೇ ಹೇಳಿ ಒಪ್ಪಿಕೊಂಡರು.

ಪುಸ್ತಕ ಹೋದ ವಾರ ಬಂತು. ಅದರಲ್ಲಿ ಅಜ್ಜಿ ಸಾಯುವುದಿಲ್ಲ.