ಆಚೆ ದಂಡೆಯ ಕೂಗು

ಮಿರ್ಚಿಯ ವಾಸನೆ, ಬಿಸಿ ಎಣ್ಣೆಯದು, ಒಗ್ಗರಣೆ ಮಂಡಕ್ಕಿಯ ಜೊತೆ ಕದ್ದು ತರಿಸಿಕೊಂಡಿದ್ದಾನೆ ಪಕ್ಕದ ಮಂಚದ ಲಿಂಗರಾಜ್, ಗಾದಿಗನೂರಿನ ಅದಿರು ಲಾರಿಯ ಡ್ರೈವರ್, ಮೂವತ್ತೂ ತುಂಬಿಲ್ಲ, ತಲೆಯೊಳಗೆ ರಕ್ತನಾಳ ಒಡೆದದ್ದು ಅವನಿಗೂ ಭರಮಣ್ಣನಿಗೂ ಒಂದೇ ವಾರ, ಅವನಾಗಲೇ ಹೊಸಪೇಟೆ ಆಸ್ಪತ್ರೆಯ ಈ ವಾರ್ಡಿನ ತುಂಬ ಓಡಾಡುತ್ತ, ಭರಮಣ್ಣ ಕಾಕಾ, ಮ್ಯಾರೇಜ್ ಆಗೂಕ್ಕಿಂತ ಮೊದ್ಲ ಹೆಮರೇಜ್ ಆತು ನೋಡ್ರಿ ನನಗ ಎಂದು ನಗಿಸುತ್ತಾನೆ, ಭರಮಣ್ಣನ ತುಟಿ ಒಂದೇ ಕಡೆ ನಗುತ್ತದೆ, ಇನ್ನೊಂದು ಕಡೆಯದು ಯಾರದೋ ತುಟಿ, ಬಾಡಿಗೆಗೆ ತಂದದ್ದು — ಡಾಕ್ಟರ್ ಅನುಸೂಯಾ ಬೆಳಿಗ್ಗೆ ಹೇಳಿದರಲ್ಲ, ಅಜ್ಜಾರ, ಅವನ ನಾಳ ಹೊಸಾ ರಬ್ಬರ್ ಇದ್ದಂಗ, ಬೇಕಾದಾಗ ಹಿಗ್ಗತಾವು, ಕುಗ್ಗತಾವು, ನಿಮ್ಮವು ವಯಸ್ಸಿಗೆ ಪೆಡಸಾಗ್ಯಾವು, ಗಾಯದ ಸುತ್ತ ರಕ್ತ ನಿಧಾನ ಹರೀತೈತಿ, ಗಡಬಡಿಸಿ ಏಳಬ್ಯಾಡ್ರಿ, ಮಾತು ಬರ್ತೈತಿ, ಎಷ್ಟು ಬರ್ತೈತಿ ಅಂತ ನಾ ಹೇಳಾಕಾಗಲ್ಲ. ನಿಧಾನ ಹರಿಯುವುದೆಂದರೆ ಹರಿಗೋಲು ನಡೆಸಿಯೇ ಬದುಕಿದ ಭರಮಣ್ಣನಿಗೆ ಗೊತ್ತು, ಬೇಸಿಗೆಯ ಹೊಳೆ, ಹಂಪಿಯ ದಂಡೆ, ಹರಿಗೋಲಿನ ತಳ ಬಂಡೆಗೆ ಉಜ್ಜಿ ಕರ್ರೆನ್ನುತ್ತದೆ, ಎಷ್ಟು ಹುಟ್ಟು ಹಾಕಿದರೂ ಇದ್ದಲ್ಲೇ ಗಿರಗಿರ, ಹರೆಯದಲ್ಲಿ ಹೀಗಿರಲಿಲ್ಲ, ಡ್ಯಾಮಿನ ನೀರು ಮೈಮೇಲೆ ಬಂದರೂ ನುಗ್ಗುತ್ತಿದ್ದ, ಯಾಕೆಂದರೆ ಆಚೆ ದಂಡೆಯಲ್ಲಿ ಹೊಳೆಮ್ಮ, ಹೊಸ ಹೆಂಡತಿ, ತವರಿಂದ ಬಂದು ನಿಂತಿದ್ದಾಳೆ, ಗಂಡನ ಹೆಸರು ಹೇಳುವಂತಿಲ್ಲ, ಈಚೆ ದಂಡೆಗೆ ಸಾಲು ಹರಿಗೋಲು, ಭರಮಣ್ಣಾ ಎನ್ನಲಾರದೆ ಅಂಗೈ ಬಾಯಿಗೆ ಅಡ್ಡ ಹಿಡಿದು, ಓ... ಕೇಳಸ್ತೇನ್ರೀ, ಆ ಕೊನೆಯ ರೀ ಕಲ್ಲು ಬಿದ್ದ ನೀರಿನ ಹಾಗೆ ಮೇಲಕ್ಕೆ ಚಿಮ್ಮುವುದು, ಉಳಿದವರೆಲ್ಲ ಹುಟ್ಟು ಕೆಳಗಿಟ್ಟು, ಹೋಗಲೇ ಭರಮ, ನಿನ್ನ ರೀ ಬಂತು! ಒಮ್ಮೆ ಇವನೇ, ಊರವರ ದನಿಯನ್ನೆಲ್ಲ ಅನುಕರಿಸುವವನು, ಆಚೆ ಬಂಡೆಯ ಹಿಂದೆ ಅಡಗಿ ಅವಳ ದನಿಯಲ್ಲೇ ಕೂಗಿದ, ಗೆಳೆಯ ರಾಯಣ್ಣ, ಪಾಪ, ತಂಗಿ ಕಾಯಾಕತ್ಯಾಳ ಎಂದು ಆಚೆತನಕ ಹೋಗಿ ಖಾಲಿ ಹರಿಗೋಲಲ್ಲಿ ಬೈಯುತ್ತ ತಿರುಗಿ ಬಂದ, ಹೊಳೆಮ್ಮ ಸೊಂಟಕ್ಕೆ ಕೈಯಿಟ್ಟು, ನನ್ ದನೀನೂ ಬಿಡಲ್ಲೇನ್ರಿ ನೀವು, ಇಟ್ಕೊಳ್ರಿ ಅತ್ಲಾಗ ಅಂದಳು — ಇಟ್ಟುಕೊಂಡ. ಅವಳು ತೀರಿಹೋದ ಮೇಲೆ ಆ ದನಿ ಉಳಿದದ್ದು ಇವನ ಗಂಟಲಲ್ಲಿ ಮಾತ್ರ, ಯಾವ ಫೋನಿನಲ್ಲೂ ಇಲ್ಲ, ಚಿತ್ತವಾಡ್ಗಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಮಗಳು ಭಾಗ್ಯ, ಅಪ್ಪಾ, ಅವ್ವನ್ನ ಒಂದ್ಸಲ ಕರಿ ಎನ್ನುವಳು, ಇವನು ಅವ್ವನಾಗುವನು.

ಈಗ ಮಂಚದ ಅಂಚಿನಲ್ಲಿ ಅದೇ ಭಾಗ್ಯ, ಇವನ ಜೋಮು ಹಿಡಿದ ಬೆರಳು ತಿಕ್ಕುತ್ತ, ಆದ್ರ ಅವ್ವನ ದನಿ ಮಾಡಪ್ಪ, ಆಗಲಿಲ್ಲಂದ್ರ ಬ್ಯಾಡ ಅನ್ನುತ್ತಾಳೆ, ಆಗಲಿಲ್ಲಂದರೆ ಹೊಳೆಮ್ಮ ಎರಡನೇ ಸಲ ಹೋದಂತೆ, ಉಸಿರು ಎಳೆದ, ಅಂಗೈ ಏಳಲಿಲ್ಲ, ಬಾಯಿ ತೆರೆದ, ಓ... ಕೇ... ಬಂದದ್ದು ಒದ್ದೆ ಗೋಣಿಚೀಲ ಎಳೆದ ಸದ್ದು, ಭಾಗ್ಯ ಮಾತ್ರ ಥಟ್ಟನೆ, ಥೇಟ್ ಅವ್ವನ ದನಿನ ಅಪ್ಪಾ, ಹೌದಲ್ಲೋ ಲಿಂಗರಾಜಣ್ಣಾ? ಮಂಡಕ್ಕಿ ತುಂಬಿದ ಬಾಯಲ್ಲಿ ಅವನು, ಹೌದ್ ಮತ್ತ, ಮೈ ಜುಮ್ಮಂತು — ಸುಳ್ಳು, ಇಬ್ಬರದೂ, ಊರವರನ್ನೆಲ್ಲ ಅನುಕರಿಸಿದವನ ನಾಲಿಗೆ ಸೋತಿರಬಹುದು, ಕಿವಿ ಸೋತಿಲ್ಲ, ಅವಳ ದನಿಯಲ್ಲ ಅದು, ಅವಳದು ಹೇಗಿತ್ತು, ಮೇಲಕ್ಕೆ, ಹೇಗೆ ಮೇಲಕ್ಕೆ, ಕಣ್ಣು ಮುಚ್ಚುತ್ತಾನೆ, ಹೊಳೆ, ಬಿಸಿಲು, ಆಚೆ ದಂಡೆ, ಅಂಗೈ ಅಡ್ಡ ಹಿಡಿದಿದ್ದಾಳೆ, ಮೂಗುತಿ ಮಿನುಗುತ್ತಿದೆ, ಕೊರಳ ನರ ಉಬ್ಬಿದೆ, ಕೂಗುತ್ತಲೇ ಇದ್ದಾಳೆ, ಬಾಯಿ ತೆರೆದಿದೆ, ಸದ್ದಿಲ್ಲ, ಬಾಯಿ ತೆರೆದಿದೆ —