ಕದ್ದ ಗೆಲ್ಲು

ಕೇಳಿ ತಂದ ಗಿಡ ಬದುಕುವುದಿಲ್ಲ, ಕದ್ದು ತಂದದ್ದೇ ಚಿಗುರುವುದು. ಅಜ್ಜಾವರದ ಹೆಂಗಸರಿಗೆ ಇದು ವೇದವಾಕ್ಯ. ಬಂದವಳು ಗಿಡದ ಗೆಲ್ಲು ಮುರಿಯಬೇಕು, ಮನೆಯವಳು ಚಾಯ ಇಡುವ ನೆಪದಲ್ಲಿ ಒಳಗೆ ಹೋಗಬೇಕು. ಪಕ್ಕದ ಮನೆಗೆ ಮದುವೆಯಾಗಿ ಬಂದ ದೀಪ್ತಿಗೆ ಇದನ್ನು ಕಲಿಸಿದ್ದೇ ಲೋಲಾಕ್ಷಿ.

ಹಾಗಾಗಿ ದೀಪ್ತಿಯ ಬಚ್ಚಲ ಹಿಂದಿದ್ದ ಬಣ್ಣದ ಕ್ರೋಟನ್‌ನಿಂದ ಒಂದು ಗೆಲ್ಲು ಮುರಿದು ಸೆರಗಿನಲ್ಲಿ ಅಡಗಿಸಿದಾಗ ಲೋಲಾಕ್ಷಿಗೆ ಎಳ್ಳಷ್ಟೂ ಅಳುಕಿರಲಿಲ್ಲ. ದೀಪ್ತಿ ಕಿಟಕಿಯಿಂದ ನೋಡಿದಳು, ನಕ್ಕಳು, ಮುಖ ತಿರುಗಿಸಿದಳು. ಅಷ್ಟು ಚಂದದ ಗಿಡವನ್ನು ಉಳಿದ ಹೂವಿನ ಚಟ್ಟಿಗಳಿಂದ ದೂರ, ಬಚ್ಚಲ ಹಿಂದೆ ಯಾಕಿಟ್ಟಿದ್ದಾಳೆಂದು ಕೇಳುವ ಬುದ್ಧಿ ಲೋಲಾಕ್ಷಿಗಾದರೂ ಬರಬೇಕಿತ್ತಲ್ಲ! ಬರಲಿಲ್ಲ. ಗೆಲ್ಲನ್ನು ತಂದು ಜಗಲಿಯಲ್ಲಿ ಅಮ್ಮನ ಆಂಥೂರಿಯಂ ಹೂಗಿಡದ ಪಕ್ಕದಲ್ಲೇ ನೆಟ್ಟಳು.

ತೀರಿಹೋದ ಅಮ್ಮ ಕೈಯಾರೆ ಸಾಕಿದ್ದರಲ್ಲಿ ಉಳಿದದ್ದು ಆ ಕೆಂಪು ಆಂಥೂರಿಯಂ ಒಂದೇ. ತಿಂಗಳೆರಡು ಕಳೆಯುವುದರೊಳಗೆ ಅದರ ಎಲೆಸಂದುಗಳಲ್ಲಿ ಹತ್ತಿ ಮೆತ್ತಿದಂತೆ ಬೆಳ್ಳಗೆ ಕಂಡಿತು. ಹಿಟ್ಟುತಿಗಣೆ ಹುಳ, ಕದ್ದ ಗೆಲ್ಲಿನಿಂದಲೇ ಹತ್ತಿದ್ದು! ಲೋಲಾಕ್ಷಿ ಸಾಬೂನು ನೀರಿನಲ್ಲಿ ಒರೆಸಿದಳು, ಬೇವಿನೆಣ್ಣೆ ಹೊಡೆದಳು, ಕೊನೆಗೆ ಮಣ್ಣು ಕೊಡವಿ ಬೇರು ತೊಳೆದಳು. ಬೇರಿನಲ್ಲೂ ಇತ್ತು. ಬುಡ ಕೊಳೆತು ಕೈಗೆ ಬಂದ ದಿನ ಹೋ ಎಂದು ಅತ್ತಳು.

ಮರುದಿನ ಪಕ್ಕದ ಮನೆಗೆ ಹೋದಳು. ಯಾವತ್ತೂ ಜಗಲಿಯಲ್ಲೇ ಕೂರುವವಳು ಸೀದಾ ಒಳಗೇ ನುಗ್ಗಿದಳು.

"ನಿನ್ನ ಕ್ರೋಟನ್‌ಗೆ ಹುಳ ಉಂಟು ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ. ಅದಕ್ಕೇ ಹಿಂದೆ ಇಟ್ಟದ್ದು."

"ನಾನು ಮುರಿಯುದನ್ನು ನೋಡಿಯೂ ಸುಮ್ಮನೆ ಇದ್ದೆಯಲ್ಲ ಮಾರಾಯ್ತಿ! ನಿನ್ನನ್ನು ತಂಗಿ ಅಂತ ಎಣಿಸಿದ್ದೆ."

"ಗೆಲ್ಲು ಮುರಿಯುವವರನ್ನು ಮಾತಾಡಿಸ್ಬಾರ್ದು ಅಂತ ಹೇಳಿಕೊಟ್ಟದ್ದು ನೀವೇ ಅಲ್ವಾ?" ದೀಪ್ತಿಯ ಸ್ವರ ಏರಲೇ ಇಲ್ಲ. "ಆ ಆಂಥೂರಿಯಂನ ಒಂದು ಮರಿ ಕೊಡಿ ಅಂತ ನಾಲ್ಕು ವರ್ಷ ಕೇಳಿದೆ. ಕೊಟ್ರಾ ನೀವು?"

ಆಗಲೇ ನಡುಮನೆಯ ಕಿಟಕಿಯಲ್ಲಿದ್ದ ಚಟ್ಟಿ ಲೋಲಾಕ್ಷಿಯ ಕಣ್ಣಿಗೆ ಬಿತ್ತು. ಕೆಂಪು ಆಂಥೂರಿಯಂ. ಅಮ್ಮನದೇ ಮರಿ, ಎಲೆಯಲ್ಲಿ ಒಂದು ಚುಕ್ಕೆಯೂ ಇಲ್ಲ. ತಾನು ಚಾಯ ಇಡಲು ಒಳಗೆ ಹೋದ ಯಾವುದೋ ದಿನ ಇವಳು ಕಿತ್ತು ತಂದಿದ್ದಾಳೆ!

ದೀಪ್ತಿ ಅವಳ ನೋಟವನ್ನು ಗಮನಿಸಿದಳು.

"ಕೂತ್ಕೊಳ್ಳಿ ಅಕ್ಕ, ಚಾಯ ಇಡ್ತೇನೆ," ಎಂದು ಬೆನ್ನು ತಿರುಗಿಸಿ ಅಡಿಗೆಮನೆಗೆ ಹೋದಳು. ಬೇಕೆಂದೇ ಹೋದಳು.

ಲೋಲಾಕ್ಷಿಯ ಕೈ ಗಿಡದ ಬುಡದವರೆಗೆ ಹೋಗಿ ನಿಂತಿತು.

"ನನ್ನ ಅಮ್ಮನ ಗಿಡವನ್ನು ನಾನು ಕದಿಯುದಾ?" ಎಂದು ಒಳಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ, ಚಾಯಕ್ಕೆ ಕಾಯದೆ ಬರಿಗೈಯಲ್ಲಿ ಮೆಟ್ಟಿಲಿಳಿದಳು.